ಮರಳುನಾಡಿನ ಮನೆಗಳು ಮತ್ತು ನೆರೆಯವನ ಹಕ್ಕು

ಕುವೈತ್ ನಗರದ ಸುತ್ತ ಹಿಂದೆ ಒಂದು ಮಣ್ಣಿನ ಕೋಟೆಗೋಡೆಯಿತ್ತು. 1920ರಲ್ಲಿ ದಾಳಿಯ ಭೀತಿ ಎದುರಾದಾಗ ಊರಿನ ಗಂಡಸರೆಲ್ಲ ಸೇರಿ ಕೆಲವೇ ತಿಂಗಳುಗಳಲ್ಲಿ ಕಟ್ಟಿ ಮುಗಿಸಿದ ಗೋಡೆಯದು. 1957ರಲ್ಲಿ ಅದನ್ನು ಕೆಡವಿ, ಹೆಬ್ಬಾಗಿಲುಗಳನ್ನು ಮಾತ್ರ ನೆನಪಿಗಾಗಿ ಉಳಿಸಿಕೊಳ್ಳಲಾಯಿತು. ಈ ನಡುವೆ 1938ರಲ್ಲಿ ಬುರ್ಗಾನ್‌ನಲ್ಲಿ ತೈಲ ಪತ್ತೆಯಾಗಿತ್ತು. 1946ರಲ್ಲಿ ತೈಲ ಹೊತ್ತ ಮೊದಲ ಹಡಗು ಹೊರಟಿತ್ತು. ಮುತ್ತು ಹೆಕ್ಕುವವರ, ಹಾಯಿಹಡಗಿನವರ ಆ ಪುಟ್ಟ ಪಟ್ಟಣ ಗೋಡೆಯೊಳಗೆ ಹಿಡಿಸದಾಯಿತು.

ಬೆಳವಣಿಗೆಯ ವೇಗವನ್ನು ಅಂಕಿಗಳಲ್ಲಿ ನೋಡಿದರೆ ಆಶ್ಚರ್ಯವಾಗುತ್ತದೆ. 1957ರ ಜನಗಣತಿಯಲ್ಲಿ ಕುವೈತಿನ ಜನಸಂಖ್ಯೆ ಸುಮಾರು 2 ಲಕ್ಷ 6 ಸಾವಿರ. ಇಂದು ಅದು 50 ಲಕ್ಷದ ಸಮೀಪದಲ್ಲಿದೆ. ಅವರಲ್ಲಿ ಮೂರನೇ ಎರಡರಷ್ಟು ಮಂದಿ ಹೊರದೇಶದವರು. 1974ರಲ್ಲಿ ರಿಯಾದ್ ನಗರದಲ್ಲಿ ಸುಮಾರು ಆರೂವರೆ ಲಕ್ಷ ಜನರಿದ್ದರು. 2022ರ ಗಣತಿಯಲ್ಲಿ ಅದು 70 ಲಕ್ಷವಾಯಿತು. 1968ರಲ್ಲಿ ದುಬೈಯ ಜನಸಂಖ್ಯೆ ಸುಮಾರು 59 ಸಾವಿರ. ಈಗ 35 ಲಕ್ಷವನ್ನೂ ದಾಟಿದೆ. ಬೇರೆ ನಾಡುಗಳು ಮೂರು ನಾಲ್ಕು ತಲೆಮಾರುಗಳಲ್ಲಿ ಕಂಡ ಬದಲಾವಣೆಯನ್ನು ಇಲ್ಲಿ ಒಬ್ಬನೇ ಮನುಷ್ಯ ತನ್ನ ಆಯುಷ್ಯದೊಳಗೆ ಕಂಡುಬಿಟ್ಟಿದ್ದಾನೆ.

ಈ ನಗರಗಳ ವಿಷಯ ಬಂದಾಗ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಕೆಲವರು ಗಗನಚುಂಬಿ ಕಟ್ಟಡಗಳ ಚಿತ್ರ ತೋರಿಸಿ, ಇದು ಮುಸ್ಲಿಮರ ಪ್ರಗತಿ ಎಂದು ಹೆಮ್ಮೆಪಡುತ್ತಾರೆ. ಇನ್ನು ಕೆಲವರು ಜಿಬ್ರೀಲ್(ಅ)ರ ಹದೀಸನ್ನು ನೆನಪಿಸುತ್ತಾರೆ. ಅಂತ್ಯದಿನದ ಕುರುಹುಗಳನ್ನು ವಿವರಿಸುವಾಗ ಪ್ರವಾದಿವರ್ಯರು(ಸ), ಬರಿಗಾಲಿನ ಕುರಿಗಾಹಿಗಳು ಎತ್ತರದ ಕಟ್ಟಡಗಳನ್ನು ಕಟ್ಟುವುದರಲ್ಲಿ ಪರಸ್ಪರ ಸ್ಪರ್ಧಿಸುವರೆಂದು ತಿಳಿಸಿದ್ದರು. ಆದರೆ ಒಂದು ವಿಷಯವು ಕುರುಹಾಗಿದೆ ಎಂದ ಮಾತ್ರಕ್ಕೆ ಪ್ರತಿಯೊಂದು ಮಾಳಿಗೆಯೂ ನಿಷಿದ್ಧವೆಂದು ಅರ್ಥವಲ್ಲ ಎಂಬುದನ್ನು ವಿದ್ವಾಂಸರು ಸ್ಪಷ್ಟಪಡಿಸಿದ್ದಾರೆ. ಹೊಗಳುವವರೂ ತೆಗಳುವವರೂ ಕತ್ತೆತ್ತಿ ಮೇಲಕ್ಕೇ ನೋಡುತ್ತಿರುವುದರಿಂದ ನೆಲದ ಮೇಲೆ ನಡೆದುದು ಇಬ್ಬರ ಗಮನಕ್ಕೂ ಬರುವುದಿಲ್ಲ. ತೈಲದ ಹಣ ಕೈಸೇರಿದಾಗ ಆ ಜನರು ಹೇಗೆ ಮನೆ ಕಟ್ಟಿಕೊಂಡರು? ಯಾರಿಗೆ ಮನೆ ದೊರೆಯಿತು, ಯಾರಿಗೆ ದೊರೆಯಲಿಲ್ಲ? ನೆರೆಮನೆಯವನ ಹಕ್ಕು ಏನಾಯಿತು? ಸತ್ಯವಿಶ್ವಾಸಿಯಾದವನು ಕೇಳಬೇಕಾದ ಪ್ರಶ್ನೆಗಳು ಇವು.

ಗೋಡೆಯೊಳಗಿನ ಮನೆ

ತೈಲಪೂರ್ವದ ಕುವೈತ್, ರಿಯಾದ್‌ಗಳ ಮನೆಗಳು ನಮ್ಮ ತೊಟ್ಟಿಮನೆಗಳನ್ನು ನೆನಪಿಸುವಂತಿದ್ದವು. ನಡುವೆ ಬಯಲು ಅಂಗಳ, ಸುತ್ತ ಕೋಣೆಗಳು, ಬೀದಿಯ ಕಡೆಗೆ ಹೆಚ್ಚುಕಡಿಮೆ ಕಿಟಕಿಗಳೇ ಇಲ್ಲದ ದಪ್ಪ ಮಣ್ಣಿನ ಗೋಡೆ. ಒಂದರ ಗೋಡೆಗೆ ಇನ್ನೊಂದು ಒತ್ತಿಕೊಂಡಿರುತ್ತಿದ್ದುದರಿಂದ ಬಿಸಿಲು ಬೀಳುವ ಗೋಡೆಗಳೇ ಕಡಿಮೆ. ಓಣಿಗಳು ಕಿರಿದಾಗಿದ್ದು ನೆರಳಿನಿಂದ ಕೂಡಿರುತ್ತಿದ್ದವು. ಸ್ತ್ರೀಯರು ಪರದೆಯ ಚಿಂತೆಯಿಲ್ಲದೆ ಅಂಗಳದಲ್ಲಿ ಕೆಲಸ ಮಾಡಬಹುದಿತ್ತು. ಸೆಖೆಗಾಲದ ರಾತ್ರಿಗಳಲ್ಲಿ ಮನೆಮಂದಿ ತಾರಸಿಯ ಮೇಲೆ ಮಲಗುತ್ತಿದ್ದರು.

ಆ ಬದುಕು ಸುಖದ ಬದುಕಾಗಿತ್ತೆಂದು ಹೇಳುವುದು ಸರಿಯಲ್ಲ. ಕುವೈತಿನಲ್ಲಿ ಕುಡಿಯುವ ನೀರೂ ಸಾಲದೆ, ಶತ್ತುಲ್ ಅರಬ್ ನದಿಯಿಂದ ಹಡಗುಗಳಲ್ಲಿ ತುಂಬಿಸಿ ತರಬೇಕಾಗುತ್ತಿತ್ತು. ಜೋರು ಮಳೆ ಬಂದರೆ ಮಣ್ಣಿನ ಮನೆಗಳು ಕುಸಿಯುತ್ತಿದ್ದವು. ಹಿಂದಿನ ಕಾಲವನ್ನು ದೂರದಿಂದ ಹೊಗಳುವವರು ಆ ನೀರನ್ನು ಹೊತ್ತವರಲ್ಲ.

1952ರಲ್ಲಿ ಬ್ರಿಟಿಷ್ ತಜ್ಞರು ಕುವೈತ್ ನಗರಕ್ಕೆ ಒಂದು ನಕ್ಷೆ ಸಿದ್ಧಪಡಿಸಿದರು. ಹಳೆಯ ಊರನ್ನು ಕಚೇರಿ ಮತ್ತು ವ್ಯಾಪಾರದ ಕೇಂದ್ರವನ್ನಾಗಿಸಿ, ಜನವಸತಿಯನ್ನು ಗೋಡೆಯ ಹೊರಗಿನ ಹೊಸ ಬಡಾವಣೆಗಳಿಗೆ ಸಾಗಿಸುವುದು ಅದರ ಸಾರ. ಇದಕ್ಕಾಗಿ ಸರಕಾರವು ಹಳೆಯ ಊರಿನ ಮನೆ, ಜಮೀನುಗಳನ್ನು ಪೇಟೆಯ ಬೆಲೆಗಿಂತ ಎಷ್ಟೋ ಹೆಚ್ಚು ಹಣ ಕೊಟ್ಟು ಖರೀದಿಸಿತು. (ಆಗ ಅಲ್ಲಿ ಚಲಾವಣೆಯಲ್ಲಿದ್ದುದು ನಮ್ಮ ರೂಪಾಯಿ, ಕುವೈತಿಗೆ ತನ್ನದೇ ದಿನಾರ್ ಬಂದುದು 1961ರಲ್ಲಿ.) ತೈಲದ ಸಂಪತ್ತನ್ನು ಜನರಿಗೆ ತಲುಪಿಸುವ ಉಪಾಯ ಇದೆಂದು ಭಾವಿಸಲಾಗಿತ್ತು. ಆದರೆ ಜಮೀನು ಇದ್ದವನಿಗೆ ತಾನೇ ಬೆಲೆ ಸಿಗುವುದು? ಸಣ್ಣ ಮನೆಯ ಒಡೆಯನಿಗೆ ಸ್ವಲ್ಪ ಸಿಕ್ಕಿತು, ದೊಡ್ಡ ವ್ಯಾಪಾರಿಗೆ ರಾಶಿ ಸಿಕ್ಕಿತು, ಬಾಡಿಗೆ ಮನೆಯಲ್ಲಿದ್ದವನಿಗೆ ಏನೂ ಸಿಗಲಿಲ್ಲ. ಆ ಹಣ ಪುನಃ ಜಮೀನಿಗೇ ಸುರಿಯಲ್ಪಟ್ಟು ಬೆಲೆ ಮತ್ತಷ್ಟು ಏರಿತು. ತೆರವಾದ ಹಳೆಯ ಊರಿನ ಎಷ್ಟೋ ಜಾಗ ಕಾರು ನಿಲ್ಲಿಸುವ ಬಯಲಾಯಿತು.

ಹೊಸ ಬಡಾವಣೆಗಳಲ್ಲಿ ಒಳಿತೂ ಇತ್ತು, ಅದನ್ನು ಮರೆಮಾಚಬಾರದು. ಪ್ರತಿ ಬಡಾವಣೆಗೂ ಮಸೀದಿ, ಶಾಲೆ, ಚಿಕಿತ್ಸಾಲಯಗಳನ್ನು ನಕ್ಷೆಯಲ್ಲೇ ಇರಿಸಲಾಯಿತು. 1962ರಲ್ಲಿ ಕೈಫಾನ್ ಬಡಾವಣೆಯ ನಿವಾಸಿಗಳು ಕೂಡಿ ಒಂದು ಸಹಕಾರಿ ಅಂಗಡಿ ತೆರೆದರು. ಕ್ರಮೇಣ ಪ್ರತಿಯೊಂದು ಬಡಾವಣೆಯಲ್ಲೂ ಇಂತಹ ‘ಜಮ್‌ಇಯ್ಯ’ ಹುಟ್ಟಿತು. ಲಾಭದ ಪಾಲು ಅಲ್ಲಿನ ಸದಸ್ಯರಿಗೇ ಹಂಚಿಕೆಯಾಗುತ್ತದೆ.

ಅಂಗಳ ಹೊರಗೆ ಬಂದಾಗ

ಸೌದಿ ಅರೇಬಿಯಾದ ಕಥೆ ಇನ್ನಷ್ಟು ಗಮನಾರ್ಹ. ಪೂರ್ವತೀರದ ದಮ್ಮಾಮ್, ಅಲ್‌ಖೋಬಾರ್ ಪಟ್ಟಣಗಳನ್ನು ತೈಲ ಕಂಪೆನಿ ಅರಾಮ್ಕೊದ ಸರ್ವೇಯರುಗಳು ಚದುರಂಗದ ಹಾಸಿನಂತೆ ಚೌಕಚೌಕವಾಗಿ ಗುರುತಿಸಿದರು. 1950ರ ದಶಕದಲ್ಲಿ ಸರಕಾರದ ಮಂತ್ರಾಲಯಗಳು ಜಿದ್ದಾದಿಂದ ರಿಯಾದ್‌ಗೆ ಬಂದಾಗ ನೌಕರರಿಗಾಗಿ ಅಲ್‌ಮಲಝ್ ಎಂಬ ಬಡಾವಣೆ ನಿರ್ಮಾಣವಾಯಿತು. ಅಲ್ಲಿ ಕಟ್ಟಿದ್ದು ನಾಲ್ಕೂ ಕಡೆ ಬಯಲು ಬಿಟ್ಟು ನಡುವೆ ನಿಲ್ಲುವ ವಿಲ್ಲಾ. ಮುಂದೆ ಇದೇ ಮಾದರಿ ಕಾನೂನಾಯಿತು. ಎದುರಿನ ರಸ್ತೆಯ ಅಗಲದ ಐದನೇ ಒಂದು ಭಾಗವನ್ನು ಮುಂದೆಯೂ, ಕನಿಷ್ಠ ಎರಡು ಮೀಟರನ್ನು ಉಳಿದ ಪಕ್ಕಗಳಲ್ಲೂ ಬಿಡಬೇಕೆಂಬುದು ನಿಯಮ. ಗೋಡೆಗೆ ಗೋಡೆ ತಾಗಿಸಿ, ಮಧ್ಯೆ ಅಂಗಳ ಬಿಟ್ಟು ಕಟ್ಟುವ ಹಳೆಯ ಕ್ರಮಕ್ಕೆ ಅನುಮತಿಯೇ ಸಿಗದಂತಾಯಿತು.

ಫಲಿತಾಂಶವೇನು? ಮನೆಯ ಮಧ್ಯದಲ್ಲಿದ್ದ ಅಂಗಳ ಮನೆಯ ಸುತ್ತಲಿನ ಪಟ್ಟಿಯಾಯಿತು. ಅದರ ಮೇಲೆ ನೆರೆಮನೆಯ ಮಾಳಿಗೆಯ ಕಿಟಕಿ ತೆರೆದುಕೊಂಡಿತು. ಎರಡು ಮೀಟರ್ ಅಗಲದ ಆ ಪಟ್ಟಿಯಲ್ಲಿ ಮಕ್ಕಳು ಆಡಲಾರರು, ಹೆಂಗಸರು ಕೂರಲಾರರು. ಜನ ಏನು ಮಾಡಿದರು? ಕಂಪೌಂಡ್ ಗೋಡೆಯ ಮೇಲೆ ತಗಡಿನ ಹಾಳೆಗಳನ್ನು ನಿಲ್ಲಿಸಿ ಎತ್ತರಿಸಿದರು. ಲಕ್ಷಗಟ್ಟಲೆ ರಿಯಾಲ್ ಸುರಿದು ಕಟ್ಟಿದ ಅಂದದ ಮನೆಗಳ ಮೇಲೆ ತಗಡಿನ ಕಿರೀಟ! ಸಾಲಿಹ್ ಅಲ್ ಹದ್‌ಲೂಲ್ ಎಂಬ ಸೌದಿ ವಿದ್ವಾಂಸರು 1981ರ ತಮ್ಮ ಸಂಶೋಧನಾ ಪ್ರಬಂಧದಲ್ಲಿ ಮುಸ್ಲಿಮ್ ನಗರಗಳ ಹಳೆಯ ಪದ್ಧತಿಗೂ ಈ ಹೊಸ ನಿಯಮಗಳಿಗೂ ನಡುವಿನ ಸಂಘರ್ಷವನ್ನು ವಿವರವಾಗಿ ತೋರಿಸಿದರು. ಅನಂತರ ಅವರೇ ಅಲ್ಲಿನ ಸರಕಾರದಲ್ಲಿ ನಗರ ಯೋಜನೆಯ ಉನ್ನತ ಹುದ್ದೆ ವಹಿಸಿದರು.

ಅವರು ತೋರಿಸಿದ ಒಂದು ಅಂಶ ನಮಗೂ ಪಾಠವಾಗಿದೆ. ಹಳೆಯ ಮುಸ್ಲಿಮ್ ನಗರಗಳಲ್ಲಿ ನಿಯಮಗಳೇ ಇರಲಿಲ್ಲ, ಓಣಿಗಳು ಮನಬಂದಂತೆ ಬೆಳೆದವು ಎಂಬ ಮಾತು ತಪ್ಪು. ನಿಯಮಗಳಿದ್ದವು, ಆದರೆ ಅವು ನಕ್ಷೆಯ ಅಳತೆಯಿಂದ ಹುಟ್ಟಿರಲಿಲ್ಲ. ಯಾರಿಗೂ ಹಾನಿ ಮಾಡಬಾರದು, ಹಾನಿಗೆ ಪ್ರತಿಯಾಗಿಯೂ ಹಾನಿ ಮಾಡಬಾರದು ಎಂಬ ಪ್ರವಾದಿ ಬೋಧನೆಯೇ ಅವುಗಳ ಬುನಾದಿ. ನೆರೆಯವನು ತನ್ನ ತೊಲೆಯನ್ನು ನಮ್ಮ ಗೋಡೆಗೆ ಊರಲು ಬಯಸಿದರೆ ತಡೆಯಬಾರದೆಂದು ಪ್ರವಾದಿ(ಸ) ಆದೇಶಿಸಿದ್ದರು. ಹ. ಉಮರ್(ರ)ರ ಕಾಲದಲ್ಲಿ ಈಜಿಪ್ಟಿನ ಫುಸ್ತಾತ್‌ನಲ್ಲಿ ಒಬ್ಬರು ಮಾಳಿಗೆಯ ಕೋಣೆ ಕಟ್ಟಿದಾಗ ನೆರೆಯವರಿಗೆ ಅದು ಇಣುಕುಗಂಡಿಯಾಗುವುದೆಂಬ ದೂರು ಮದೀನಾಕ್ಕೆ ತಲುಪಿತು. ಖಲೀಫರ ಉತ್ತರ ಬಹಳ ಸರಳವಾಗಿತ್ತು. ಆ ಕೋಣೆಯಲ್ಲಿ ಒಂದು ಮಂಚ ಇಡಿಸಿ, ಅದರ ಮೇಲೆ ತೀರ ಎತ್ತರವೂ ಅಲ್ಲದ, ಕುಳ್ಳನೂ ಅಲ್ಲದ ಒಬ್ಬನನ್ನು ನಿಲ್ಲಿಸಬೇಕು. ಅವನಿಗೆ ನೆರೆಮನೆ ಕಾಣುವುದಾದರೆ ಕಿಟಕಿ ಮುಚ್ಚಿಸಬೇಕು. ಮೀಟರುಗಳ ಪಟ್ಟಿ ಹಿಡಿದ ಪುರಸಭೆಗೆ ಹೊಳೆಯದ ಪರೀಕ್ಷೆಯಿದು. 14ನೇ ಶತಮಾನದ ಟ್ಯೂನಿಸ್‌ನಲ್ಲಿ ಸ್ವತಃ ಕಟ್ಟಡದ ಮೇಸ್ತ್ರಿಯಾಗಿದ್ದ ಇಬ್ನುರ್ರಾಮಿ, ಇಂತಹ ತೀರ್ಪುಗಳನ್ನು ಸಂಗ್ರಹಿಸಿ ಒಂದು ಗ್ರಂಥವನ್ನೇ ರಚಿಸಿದ್ದಾರೆ. ಖಾಝಿಯವರು ಗೋಡೆ, ಚರಂಡಿ, ಕಿಟಕಿಗಳ ವ್ಯಾಜ್ಯಗಳನ್ನು ಪರಿಶೀಲಿಸಲು ಅವರಂತಹ ಮೇಸ್ತ್ರಿಗಳನ್ನೇ ಸ್ಥಳಕ್ಕೆ ಕಳುಹಿಸುತ್ತಿದ್ದರು.

ವಿಲ್ಲಾದ ಕಥೆ ಹೀಗಾದರೆ ಬಹುಮಹಡಿಯ ಕಥೆ ಇನ್ನೊಂದು ಬಗೆ. 1970ರ ದಶಕದಲ್ಲಿ ತೈಲದ ಬೆಲೆ ಒಮ್ಮೆಲೆ ಏರಿ ಜನ ನಗರಗಳಿಗೆ ನುಗ್ಗಿದಾಗ ಸೌದಿ ಸರಕಾರ ತುರ್ತಾಗಿ ಬಹುಮಹಡಿ ವಸತಿಗಳನ್ನು ಕಟ್ಟಿಸಿತು. ಅಲ್‌ಖೋಬಾರ್‌ನ ಗೋಪುರಗಳು 1979ರಲ್ಲಿ ಎದ್ದು ನಿಂತವು. ಆದರೆ ಅವುಗಳಲ್ಲಿ ವಾಸಿಸಲು ಜನ ಬರಲಿಲ್ಲ. ಒಂದೇ ಮೆಟ್ಟಿಲು, ಒಂದೇ ಲಿಫ್ಟ್, ಎದುರುಬದುರು ಬಾಗಿಲು. ಅತಿಥಿಗಳಿಗೊಂದು, ಮನೆಮಂದಿಗೊಂದು ಎಂದು ಎರಡು ದಾರಿ ಬಯಸುವ ಕುಟುಂಬಗಳಿಗೆ ಇದು ಹೊಂದುವಂತಿರಲಿಲ್ಲ. 1990ರಲ್ಲಿ ಕೊಲ್ಲಿ ಯುದ್ಧಕ್ಕಾಗಿ ವಿದೇಶಿ ಸೈನಿಕರು ಬಂದಿಳಿಯುವ ತನಕ ಆ ಗೋಪುರಗಳು ಬಹುಮಟ್ಟಿಗೆ ಖಾಲಿಯೇ ಇದ್ದವು. ಹಣ, ಸಿಮೆಂಟು, ತಜ್ಞರು ಯಾವುದಕ್ಕೂ ಕೊರತೆಯಿರಲಿಲ್ಲ. ವಾಸಿಸಬೇಕಾದವರನ್ನು ಒಂದು ಮಾತು ಕೇಳುವ ವ್ಯವಧಾನ ಮಾತ್ರ ಇರಲಿಲ್ಲವೆಂದು ತೋರುತ್ತದೆ.

ಕೂಫಾದ ಬಾಗಿಲು

ಮುಸ್ಲಿಮ್ ಸಮುದಾಯಕ್ಕೆ ಹಠಾತ್ ಸಂಪತ್ತು ಮತ್ತು ಹಠಾತ್ ನಗರ ಎರಡೂ ಒಟ್ಟಿಗೆ ಬಂದುದು ಇದೇ ಮೊದಲಲ್ಲ. ಸುಮಾರು ಕ್ರಿ.ಶ. 638ರಲ್ಲಿ, ಪರ್ಷಿಯಾದ ರಾಜಧಾನಿ ಮದಾಇನ್ ಜಯಿಸಲ್ಪಟ್ಟ ಬೆನ್ನಿಗೆ, ಇರಾಕಿನಲ್ಲಿ ಕೂಫಾ ಮತ್ತು ಬಸ್ರಾ ನಗರಗಳು ತಲೆಯೆತ್ತಿದವು. ಇತಿಹಾಸಕಾರ ತಬರಿಯವರು ಕೂಫಾದ ಹುಟ್ಟನ್ನು ವಿವರವಾಗಿ ದಾಖಲಿಸಿದ್ದಾರೆ. ಮೊದಲು ಜೊಂಡಿನ ಗುಡಿಸಲುಗಳೇ ಇದ್ದವು. ಅವು ಬೆಂಕಿಗೆ ಆಹುತಿಯಾದಾಗ ಇಟ್ಟಿಗೆಯಿಂದ ಕಟ್ಟಲು ಜನ ಖಲೀಫರ ಅಪ್ಪಣೆ ಕೇಳಿದರು. ಹ. ಉಮರ್(ರ) ಒಪ್ಪಿದರು, ಆದರೆ ಮೂರಕ್ಕಿಂತ ಹೆಚ್ಚು ಕೋಣೆ ಬೇಡ, ಎತ್ತರದಲ್ಲಿ ಪೈಪೋಟಿ ಬೇಡ ಎಂದು ಷರತ್ತು ವಿಧಿಸಿದರು. ಮುಖ್ಯ ರಸ್ತೆಗಳಿಗೆ 40 ಮೊಳ, ಅನಂತರದವುಗಳಿಗೆ 30 ಮತ್ತು 20 ಮೊಳ, ಓಣಿಗಳಿಗೆ 7 ಮೊಳ ಎಂದು ಅಗಲ ನಿಗದಿಯಾಯಿತು. ಮೊದಲು ಮಸೀದಿಯ ಸ್ಥಳ ಗುರುತಿಸಿ, ಬಲಿಷ್ಠ ಬಿಲ್ಲುಗಾರನೊಬ್ಬನು ಅಲ್ಲಿಂದ ಎಸೆದ ಬಾಣಗಳು ಬಿದ್ದ ಜಾಗದಿಂದಾಚೆಗೆ ಮನೆ ಕಟ್ಟಲು ಬಿಡಲಾಯಿತು. ನಡುವಿನ ಬಯಲು ಎಲ್ಲರದು.

ಕೂಫಾದ ಅಧಿಪತಿ ಹ. ಸಅದ್ ಬಿನ್ ಅಬೀವಕ್ಕಾಸ್(ರ) ಮಹಾನ್ ಸಹಾಬಿ, ಮದಾಇನ್ ವಿಜೇತರು. ಅವರ ನಿವಾಸ ಸಂತೆಯ ಪಕ್ಕದಲ್ಲೇ ಇದ್ದುದರಿಂದ ಗದ್ದಲ ತಡೆಯಲು ಒಂದು ಬಾಗಿಲು ಇರಿಸಿಕೊಂಡಿದ್ದರು. ಅಷ್ಟರಲ್ಲೇ ಜನ ಅದನ್ನು ‘ಸಅದ್‌ರ ಅರಮನೆ’ ಎನ್ನತೊಡಗಿದ್ದರು. ಸುದ್ದಿ ತಿಳಿದ ಉಮರ್(ರ) ಮದೀನಾದಿಂದ ಮುಹಮ್ಮದ್ ಬಿನ್ ಮಸ್ಲಮ(ರ)ರನ್ನು ಕಳುಹಿಸಿ ಆ ಬಾಗಿಲನ್ನೇ ಸುಡಿಸಿದರು. ಇದು ಅತಿಯಾಯಿತೆಂದು ಇಂದಿನ ಓದುಗನಿಗೆ ಅನಿಸಬಹುದು. ಸಂತೆಯ ಗದ್ದಲ ನಿಜವೇ ತಾನೇ? ಆದರೆ ಖಲೀಫರ ಕಳವಳ ದೂರುಗಾರನ ಕುರಿತಾಗಿತ್ತು. ಆಡಳಿತಗಾರನ ಮನೆಗೆ ಬಾಗಿಲು ಬಿದ್ದರೆ ಅವನು ಹೊರಗೆ ಉಳಿಯುತ್ತಾನೆ. ಹೀಗಿದ್ದರೂ ಕೂಫಾದ ಸರಳತೆ ಬಹುಕಾಲ ಉಳಿಯಲಿಲ್ಲ. ಎರಡು ತಲೆಮಾರು ಕಳೆಯುವಷ್ಟರಲ್ಲಿ ಅಲ್ಲಿ ಭವ್ಯ ಕಟ್ಟಡಗಳು ಎದ್ದವು.

ಸಾಲ ಇದೆ, ನಿವೇಶನವಿಲ್ಲ

ಮನೆ ಕಟ್ಟುವವನಿಗೆ ಬಡ್ಡಿಯ ಉರುಳಿಲ್ಲದೆ ನೆರವು ನೀಡಲು ಸಾಧ್ಯವೇ? ಸೌದಿ ಸರಕಾರ 1974ರಲ್ಲಿ ರಿಯಲ್ ಎಸ್ಟೇಟ್ ಅಭಿವೃದ್ಧಿ ನಿಧಿಯನ್ನು ಸ್ಥಾಪಿಸಿ ಸಾಧ್ಯವೆಂದು ತೋರಿಸಿತು. 3 ಲಕ್ಷ ರಿಯಾಲ್ ತನಕ ಸಾಲ, ತೀರಿಸಲು 25 ವರ್ಷ, ಬಡ್ಡಿ ಒಂದು ಹಲಲವೂ ಇಲ್ಲ. ಇಂದು ಸೌದಿ ನಗರಗಳಲ್ಲಿ ಕಾಣುವ ಎಷ್ಟೋ ಮನೆಗಳು ಈ ನಿಧಿಯ ಫಲ. ತೈಲದ ಹಣದ ಸದ್ವಿನಿಯೋಗವೆಂದು ಇದನ್ನು ಮನಃಪೂರ್ವಕವಾಗಿ ಒಪ್ಪಬೇಕು.

ಆದರೆ ಸಾಲ ಪಡೆಯಲು ಅರ್ಜಿದಾರನಲ್ಲಿ ಮೊದಲೇ ಒಂದು ನಿವೇಶನ ಇರಬೇಕಿತ್ತು! ಸ್ವಂತ ಜಾಗವಿಲ್ಲದವನಿಗೆ ಬಡ್ಡಿಯಿಲ್ಲದ ಸಾಲದಿಂದ ಏನು ಪ್ರಯೋಜನ? ನಿವೇಶನದ ಬೆಲೆಯೋ ಏರುತ್ತಲೇ ಇತ್ತು. ನಗರದ ನಡುವೆ, ರಸ್ತೆ, ವಿದ್ಯುತ್ ಎಲ್ಲ ಇರುವೆಡೆ ವಿಶಾಲ ಜಮೀನುಗಳು ಬೇಲಿ ಹಾಕಿಸಿಕೊಂಡು ವರ್ಷಗಟ್ಟಲೆ ಖಾಲಿ ಬಿದ್ದಿದ್ದವು. ದಾನವಾಗಿಯೋ ಅಗ್ಗವಾಗಿಯೋ ಅವುಗಳನ್ನು ಪಡೆದ ಸಿರಿವಂತರು ಬೆಲೆ ಏರುವುದನ್ನೇ ಕಾಯುತ್ತಿದ್ದರು. ಅರಬಿಗಳು ಇದಕ್ಕೆ ‘ಬಿಳಿ ಭೂಮಿ’ ಎನ್ನುತ್ತಾರೆ. ನಿಧಿಯ ಮುಂದೆ ಲಕ್ಷಾಂತರ ಅರ್ಜಿಗಳ ಸಾಲು ಬೆಳೆಯಿತು.

ಈ ರೋಗಕ್ಕೆ ಇಸ್ಲಾಮಿನ ಇತಿಹಾಸದಲ್ಲೇ ಔಷಧಿಯಿತ್ತು. ಬರಡು ಭೂಮಿಗೆ ಜೀವ ಕೊಟ್ಟವನು ಅದರ ಒಡೆಯನಾಗುತ್ತಾನೆ ಎಂಬುದು ಪ್ರವಾದಿ(ಸ) ಕಲಿಸಿದ ತತ್ವ. ಕಲ್ಲು ನೆಟ್ಟು ಬೇಲಿ ಹಾಕಿ ಸುಮ್ಮನೆ ಬಿಟ್ಟವನಿಗೆ ಮೂರು ವರ್ಷಗಳ ಬಳಿಕ ಅದರ ಮೇಲೆ ಹಕ್ಕಿಲ್ಲವೆಂದು ಹ. ಉಮರ್(ರ) ತೀರ್ಮಾನಿಸಿದ್ದರು. ಇನ್ನೂ ಸ್ಪಷ್ಟ ಉದಾಹರಣೆ ಬೇಕೆ? ಬಿಲಾಲ್ ಬಿನ್ ಹಾರಿಸ್ ಅಲ್ ಮುಝನಿ(ರ) ಎಂಬ ಸಹಾಬಿಗೆ ಸ್ವತಃ ಪ್ರವಾದಿವರ್ಯರೇ(ಸ) ಅಕೀಕ್ ಕಣಿವೆಯ ವಿಶಾಲ ಭೂಮಿಯನ್ನು ನೀಡಿದ್ದರು. ಉಮರ್(ರ) ಖಲೀಫರಾದಾಗ ಅವರನ್ನು ಕರೆದು, ನಿಮಗೆ ಊಳಲು ಸಾಧ್ಯವಿರುವಷ್ಟನ್ನು ಇಟ್ಟುಕೊಳ್ಳಿ, ಉಳಿದುದನ್ನು ಬಿಟ್ಟುಕೊಡಿ ಎಂದರು. ಪ್ರವಾದಿಯವರು(ಸ) ಕೊಟ್ಟ ಭೂಮಿಯನ್ನು ಬಿಡಲಾರೆನೆಂದು ಬಿಲಾಲ್(ರ) ವಾದಿಸಿದರು. ಆ ವಾದ ನಡೆಯಲಿಲ್ಲ. ಹೆಚ್ಚುವರಿ ಭೂಮಿಯನ್ನು ಹಿಂಪಡೆದು ಇತರ ಮುಸ್ಲಿಮರಿಗೆ ಹಂಚಲಾಯಿತು. ಪ್ರವಾದಿಯವರ(ಸ) ದಾನಕ್ಕೇ ಈ ನಿಯಮ ಅನ್ವಯವಾಯಿತೆಂದ ಮೇಲೆ ಬೇರೆ ಯಾವ ಅರಸನ ದಾನಪತ್ರ ಅದಕ್ಕೆ ಹೊರತಾದೀತು?

2011ರಲ್ಲಿ ಸಾಲದ ಮಿತಿಯನ್ನು 5 ಲಕ್ಷ ರಿಯಾಲ್‌ಗೆ ಏರಿಸಿ, 5 ಲಕ್ಷ ಹೊಸ ಮನೆಗಳ ಯೋಜನೆಯನ್ನು ಪ್ರಕಟಿಸಲಾಯಿತು. ಮೊತ್ತ ಏರಿದರೂ ಭೂಮಿಯ ಬೀಗ ತೆರೆಯಲಿಲ್ಲ. ಕೊನೆಗೆ 2015ರಲ್ಲಿ ಖಾಲಿ ನಿವೇಶನಗಳ ಮೇಲೆ ಬೆಲೆಯ ಶೇಕಡಾ ಎರಡೂವರೆಯಷ್ಟು ವಾರ್ಷಿಕ ಶುಲ್ಕ ವಿಧಿಸುವ ಕಾನೂನು ಬಂತು. ಝಕಾತ್‌ನ ಪ್ರಮಾಣವೂ ಅಷ್ಟೇ ಆಗಿರುವುದನ್ನು ಓದುಗರು ಗಮನಿಸಿರಬಹುದು. 2025ರಲ್ಲಿ ಇದನ್ನು ಶೇಕಡಾ ಹತ್ತರ ತನಕ ಏರಿಸಲು ಅವಕಾಶ ನೀಡಲಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ರಿಯಾದ್ ನಗರದಲ್ಲಿ ಐದು ವರ್ಷಗಳ ಕಾಲ ಬಾಡಿಗೆ ಏರಿಸಬಾರದೆಂಬ ಆದೇಶವೂ ಹೊರಟಿತು. ಹೀಗೆ ಹಳೆಯ ತತ್ವವು ತಡವಾಗಿಯಾದರೂ ಹೊಸ ಉಡುಪಿನಲ್ಲಿ ಮರಳುತ್ತಿದೆ. ಆದರೆ ಬಡ್ಡಿಯಿಲ್ಲದ ಆ ನೇರ ಸಾಲದ ಪದ್ಧತಿ ಈಗ ಹಿಂದಿನಂತಿಲ್ಲ. 2017ರಿಂದ ಹೆಚ್ಚಾಗಿ ಬ್ಯಾಂಕುಗಳೇ ಮುರಾಬಹದಂತಹ ಒಪ್ಪಂದಗಳ ಮೂಲಕ ಹಣ ಒದಗಿಸುತ್ತವೆ, ನಿಧಿಯು ಅರ್ಹರಿಗೆ ಲಾಭಾಂಶದ ಹೊರೆಯನ್ನು ಹಗುರ ಮಾಡುತ್ತದೆ.

ನೀರು ತನ್ನ ದಾರಿ ಮರೆಯುವುದಿಲ್ಲ

ಮರುಭೂಮಿಯಲ್ಲಿ ನೀರಿನ ಸಮಸ್ಯೆಯೆಂದರೆ ನೀರಿನ ಅಭಾವವೆಂದೇ ನಾವು ತಿಳಿಯುತ್ತೇವೆ. ರಿಯಾದ್‌ನಲ್ಲಿ ತದ್ವಿರುದ್ಧ ಸಂಭವಿಸಿತು. 1980ರ ದಶಕದಿಂದ, ಜುಬೈಲ್ ತೀರದಲ್ಲಿ ಸಿಹಿಯಾಗಿಸಿದ ಸಮುದ್ರದ ನೀರನ್ನು 400 ಕಿಲೋಮೀಟರ್‌ಗೂ ಹೆಚ್ಚು ದೂರ ಕೊಳವೆಗಳಲ್ಲಿ ತರಲಾಯಿತು. ಆ ನೀರು ಸೋರುವ ಕೊಳವೆಗಳಿಂದ, ಮನೆಮನೆಯ ಶೌಚಗುಂಡಿಗಳಿಂದ, ತೋಟಗಳಿಂದ ನೆಲಕ್ಕಿಳಿದು ನಗರದಡಿಯ ಅಂತರ್ಜಲ ಮೇಲೇರಿತು. ಕೆಲವೆಡೆ ನೆಲಮಾಳಿಗೆಗಳಿಗೂ ಅಡಿಪಾಯಗಳಿಗೂ ತೇವ ನುಗ್ಗಿತು. ನಗರದ ಪಕ್ಕದ ವಾದಿ ಹನೀಫ ಕಣಿವೆ ಕಸ, ಕಟ್ಟಡದ ಅವಶೇಷ, ಕೊಳೆನೀರಿನ ತಿಪ್ಪೆಯಾಗಿತ್ತು. ಅದನ್ನು ಶುಚಿಗೊಳಿಸಿ, ಕಲ್ಲಿನ ತಡೆಗಳನ್ನು ಹಾಗೂ ಸಸ್ಯ, ಸೂಕ್ಷ್ಮಜೀವಿಗಳನ್ನು ಬಳಸಿ ನೀರನ್ನು ಶುದ್ಧೀಕರಿಸಿ ಜನರ ವಿಹಾರತಾಣವಾಗಿಸಿದ ಕಾರ್ಯಕ್ಕೆ 2010ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ದೊರೆಯಿತು. ಈ ಬರಹದಲ್ಲಿ ಹೇಳಲು ಸಿಕ್ಕಿದ ಸಂತೋಷದ ಸುದ್ದಿಗಳಲ್ಲಿ ಇದೊಂದು.

ಜಿದ್ದಾದ ಸುದ್ದಿ ಹಾಗಲ್ಲ. 2009ರ ನವೆಂಬರ್ 25ರಂದು, ಹಜ್ ಯಾತ್ರಿಕರು ಮಿನಾದತ್ತ ಹೊರಟಿದ್ದ ದಿನ, ಕೆಲವೇ ಗಂಟೆ ಸುರಿದ ಮಳೆಗೆ ಜಿದ್ದಾದಲ್ಲಿ ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಬೆಟ್ಟಗಳಿಂದ ಸಮುದ್ರಕ್ಕೆ ನೀರು ಹರಿಯುವ ಒಣ ತೊರೆಗಳ ಪಾತ್ರದಲ್ಲೇ ನಿವೇಶನಗಳನ್ನು ಮಾಡಿ ಮಾರಲಾಗಿತ್ತು. ಮಳೆನೀರಿನ ಕಾಲುವೆಗಳು ಕಾಗದದಲ್ಲಿ ಇದ್ದಷ್ಟು ನೆಲದ ಮೇಲೆ ಇರಲಿಲ್ಲ. ಒಳಚರಂಡಿಯಿಲ್ಲದ ಮನೆಗಳ ಕೊಳೆಯನ್ನು ಟ್ಯಾಂಕರ್‌ಗಳಲ್ಲಿ ಒಯ್ದು ನಗರದ ಪೂರ್ವಕ್ಕೆ ಸುರಿದು ಸುರಿದು ಅಲ್ಲೊಂದು ಸರೋವರವೇ ಆಗಿತ್ತು; ಜನ ಅದಕ್ಕೆ ವ್ಯಂಗ್ಯವಾಗಿ ‘ಕಸ್ತೂರಿ ಸರೋವರ’ ಎಂದು ಹೆಸರಿಟ್ಟಿದ್ದರು. ದೊರೆ ಅಬ್ದುಲ್ಲಾರ ಆಜ್ಞೆಯಂತೆ ತನಿಖೆ ನಡೆದು ಅಧಿಕಾರಿಗಳು, ಗುತ್ತಿಗೆದಾರರು ನ್ಯಾಯಾಲಯದ ಕಟಕಟೆ ಹತ್ತಿದರು. 2011ರ ಜನವರಿಯಲ್ಲಿ ಪುನಃ ನೆರೆ ಬಂತು. ಮಾರುವ ವಸ್ತುವಿನ ದೋಷವನ್ನು ಅಡಗಿಸಿಡುವ ವ್ಯಾಪಾರಿಯ ಕುರಿತು ಪ್ರವಾದಿ(ಸ) ಎಷ್ಟು ಕಠಿಣವಾಗಿ ಎಚ್ಚರಿಸಿದ್ದರೆಂಬುದು ನಮಗೆ ತಿಳಿದಿದೆ. ಒದ್ದೆಯಾದ ಧಾನ್ಯವನ್ನು ಒಣ ಧಾನ್ಯದಡಿ ಮುಚ್ಚಿಟ್ಟವನಿಗೇ ಆ ಎಚ್ಚರಿಕೆಯಾದರೆ, ತೊರೆಯ ಪಾತ್ರವನ್ನು ಡಾಂಬರಿನಡಿ ಮುಚ್ಚಿಟ್ಟು ಮಾರಿದವನ ಪಾಡೇನು?

ಮೂರು ಚದರ ಮೀಟರ್

ಇಷ್ಟು ಮನೆಗಳನ್ನು ಕಟ್ಟಿದವರು ಎಲ್ಲಿ ಮಲಗುತ್ತಾರೆ? ಈ ಪ್ರಶ್ನೆ ನಮ್ಮ ಮನೆಬಾಗಿಲಿಗೇ ಬರುತ್ತದೆ. ಭಟ್ಕಳ, ಉಡುಪಿ, ಮಂಗಳೂರು ಕಡೆಯ ಎಷ್ಟೋ ಕುಟುಂಬಗಳ ಮಗ, ಅಳಿಯ, ಅಣ್ಣ ಅಲ್ಲಿದ್ದಾರೆ. ಅವರು ಊರಿಗೆ ಕಳುಹಿಸಿದ ಹಣದಿಂದ ಎದ್ದ ದೊಡ್ಡ ಮನೆಗಳಲ್ಲಿ ಇಂದು ವೃದ್ಧ ತಾಯಿತಂದೆಯರಿಬ್ಬರೇ ಇರುತ್ತಾರೆ, ಇಲ್ಲವೇ ಬೀಗ ಇರುತ್ತದೆ. ಆ ಮನೆಯ ಒಡೆಯ ಅಲ್ಲಿ ‘ಬೆಡ್‌ಸ್ಪೇಸ್’ನಲ್ಲಿ, ಮೇಲೊಂದು ಕೆಳಗೊಂದು ಮಂಚದಲ್ಲಿ ಮಲಗಿರುತ್ತಾನೆ. ಅಲ್ಲಿನ ಭಾಷೆಯಲ್ಲಿ ಅವನು ‘ಬ್ಯಾಚುಲರ್’. ಊರಿನಲ್ಲಿ ಹೆಂಡತಿ, ಮೂವರು ಮಕ್ಕಳಿದ್ದರೂ ಅವನು ಬ್ಯಾಚುಲರ್! ಕುಟುಂಬಗಳಿರುವ ಬಡಾವಣೆಯಲ್ಲಿ ಇಂತಹವರು ವಾಸಿಸಬಾರದೆಂದು ಎಷ್ಟೋ ನಗರಗಳಲ್ಲಿ ನಿಯಮವಿದೆ. ಆದ್ದರಿಂದ ಅವರು ನಗರದ ಅಂಚಿನ ಶಿಬಿರಗಳಲ್ಲಿ, ಇಲ್ಲವೇ ಕಿಕ್ಕಿರಿದ ಹಳೆಯ ಕಟ್ಟಡಗಳಲ್ಲಿ ನೆಲೆಸುತ್ತಾರೆ.

2024ರ ಜೂನ್ 12ರ ಮುಂಜಾನೆ ಕುವೈತಿನ ಮಂಗಾಫ್‌ನಲ್ಲಿ ಇಂತಹದೇ ಒಂದು ಕಟ್ಟಡಕ್ಕೆ ಬೆಂಕಿ ಬಿತ್ತು. ಸುಮಾರು 190ಕ್ಕೂ ಹೆಚ್ಚು ಕಾರ್ಮಿಕರು ಅದರಲ್ಲಿದ್ದರು. ಕೆಳಗಿನ ಕಾವಲುಗಾರನ ಕೋಣೆಯ ಬಳಿ ವಿದ್ಯುತ್ ದೋಷದಿಂದ ಹೊತ್ತಿದ ಬೆಂಕಿಯ ಹೊಗೆ ಮೇಲೇರಿತು. ಕೋಣೆಗಳನ್ನು ಇನ್ನಷ್ಟು ಭಾಗ ಮಾಡಲು ಹಾಕಿದ್ದ ತಡಿಕೆಗಳು ಸುಲಭವಾಗಿ ಉರಿಯುವಂಥವಾಗಿದ್ದವು. ಸುಮಾರು ಐವತ್ತು ಮಂದಿ ಮರಣ ಹೊಂದಿದರು. ಹೆಚ್ಚಿನವರ ಪ್ರಾಣ ತೆಗೆದುದು ಹೊಗೆ. ಮೃತರಲ್ಲಿ 45 ಮಂದಿ ಭಾರತೀಯರು, ಬಹುಪಾಲು ಕೇರಳದವರು, ಒಬ್ಬರು ನಮ್ಮ ಕಲಬುರಗಿ ಜಿಲ್ಲೆಯವರು. ಸ್ಥಳಕ್ಕೆ ಬಂದ ಕುವೈತಿನ ಗೃಹ ಖಾತೆಯ ಸಚಿವರು ಇದಕ್ಕೆ ಕಟ್ಟಡದ ಮಾಲಕರ ದುರಾಸೆಯೇ ಕಾರಣವೆಂದು ಬಹಿರಂಗವಾಗಿ ಹೇಳಿದರು.

ಸೇವಕರು ನಿಮ್ಮ ಸಹೋದರರು, ನೀವು ಉಣ್ಣುವುದನ್ನೇ ಅವರಿಗೆ ಉಣಿಸಿರಿ, ಉಡುವುದನ್ನೇ ಉಡಿಸಿರಿ ಎಂದು ಪ್ರವಾದಿ(ಸ) ಹ. ಅಬೂದರ್ರ್(ರ)ರಿಗೆ ಬೋಧಿಸಿದ್ದರು. ವಾಸಕ್ಕೂ ಅದೇ ಅಳತೆಗೋಲನ್ನು ಹಿಡಿದರೆ ನಾವೆಲ್ಲಿ ನಿಲ್ಲುತ್ತೇವೆ? ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2009ರ ನಿಯಮದಂತೆ ಕಾರ್ಮಿಕನೊಬ್ಬನಿಗೆ ಕನಿಷ್ಠ ಮೂರು ಚದರ ಮೀಟರ್ ಜಾಗ ಇರಬೇಕು. ನಿಯಮ ಬರುವ ಮೊದಲು ಅಷ್ಟೂ ಇರಲಿಲ್ಲವಾದ್ದರಿಂದ ಇದೊಂದು ಸುಧಾರಣೆಯೇ ಹೌದು. ಆದರೂ ಒಂದು ಮಂಚ, ಒಂದು ಪೆಟ್ಟಿಗೆ ಇಟ್ಟ ಮೇಲೆ ಅದರಲ್ಲಿ ಮುಸಲ್ಲಾ ಹಾಸಲು ಎಷ್ಟು ಉಳಿಯುವುದೆಂದು ಮನೆಯಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ನೋಡಬಹುದು. ಈ ದೋಷವನ್ನು ಅರಬರ ತಲೆಗೇ ಕಟ್ಟಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಅಂತಹ ಕಟ್ಟಡಗಳನ್ನು ಇಡಿಯಾಗಿ ಬಾಡಿಗೆಗೆ ಪಡೆದು, ಕೋಣೆಗಳನ್ನು ತಡಿಕೆಯಿಂದ ಭಾಗ ಮಾಡಿ, ಮಂಚಗಳ ಲೆಕ್ಕದಲ್ಲಿ ಮರುಬಾಡಿಗೆಗೆ ಕೊಡುವವರಲ್ಲಿ ನಮ್ಮ ದೇಶದವರೂ ಇದ್ದಾರೆ.

ಮಗನನ್ನು ಕಳುಹಿಸುವ ಮನೆಯವರು ಸಂಬಳ ಎಷ್ಟೆಂದು ಕೇಳುವಷ್ಟೇ ವಿಚಾರವಾಗಿ ವಾಸದ ಕುರಿತೂ ಕೇಳಬೇಕು. ವಸತಿ ಕಂಪೆನಿಯದ್ದೇ, ಸ್ವಂತ ಖರ್ಚೇ? ಕೋಣೆಯಲ್ಲಿ ಎಷ್ಟು ಜನ? ಕಟ್ಟಡಕ್ಕೆ ಎರಡನೆಯ ಮೆಟ್ಟಿಲಿದೆಯೇ, ಅದರ ಬಾಗಿಲು ರಾತ್ರಿ ತೆರೆದಿರುತ್ತದೆಯೇ? ಅಡುಗೆಯ ಗ್ಯಾಸ್ ಸಿಲಿಂಡರ್ ಎಲ್ಲಿಡುತ್ತಾರೆ? ಹತ್ತನೆಯ ತರಗತಿ ದಾಟದವರು ವಲಸೆ ಅನುಮತಿ ಪಡೆದೇ ಕೊಲ್ಲಿ ರಾಷ್ಟ್ರಗಳಿಗೆ ಉದ್ಯೋಗಕ್ಕೆ ಹೋಗಬೇಕಾಗಿರುವುದರಿಂದ ಅವರ ಕರಾರುಪತ್ರ ನಮ್ಮ ಸರಕಾರದ ‘ಇ-ಮೈಗ್ರೇಟ್’ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ. ಅದರ ಪ್ರತಿಯೊಂದನ್ನು ಮನೆಯಲ್ಲಿ ಇರಿಸಿಕೊಂಡು, ವಸತಿಯ ಕುರಿತು ಅದರಲ್ಲಿ ಏನು ಬರೆದಿದೆಯೆಂದು ಸಹಿಗೆ ಮುಂಚೆಯೇ ಓದಿಸಿಕೊಳ್ಳಬೇಕು.